ಯಾನ್ಸನ್ನನ ಪ್ರಲೋಭನೆ

ಸ್ವೀಡನ್ ದೇಶದಲ್ಲಿ ಕ್ರಿಸ್‌ಮಸ್ ಹಬ್ಬದ ಊಟದ ಮೇಜಿನ ಮೇಲೆ, ಬಗೆಬಗೆಯ ಮೀನು ಮಾಂಸಗಳ ನಡುವೆ, ಅಗಲವಾದ ಒಂದು ಪಾತ್ರೆ ತಪ್ಪದೆ ಕಾಣಿಸುತ್ತದೆ. ಮೇಲೆ ಹೊಂಬಣ್ಣಕ್ಕೆ ತಿರುಗಿದ ಬ್ರೆಡ್ಡಿನ ಪುಡಿ. ಅದರ ಕೆಳಗೆ ಕಡ್ಡಿಗಳಂತೆ ಹೆಚ್ಚಿದ ಆಲೂಗಡ್ಡೆ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಮಸಾಲೆಯ ಉಪ್ಪುನೀರಿನಲ್ಲಿ ನೆನೆದ ಪುಟ್ಟ ಮೀನು. ಇವೆಲ್ಲವನ್ನೂ ಒಂದುಗೂಡಿಸಿದ ಹಾಲಿನ ಕೆನೆ. ಓವನ್ನಿನಲ್ಲಿಟ್ಟು ಸುಟ್ಟು ತೆಗೆದ ಈ ಭಕ್ಷ್ಯಕ್ಕೆ 'ಯಾನ್ಸನ್ಸ್ ಫ್ರೆಸ್ಟೆಲ್ಸೆ' ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಯಾನ್ಸನ್ನನ ಪ್ರಲೋಭನೆ. ಮೀನು ಮುಟ್ಟದ ಮನೆಯವರೂ ಇದರ ಚರಿತ್ರೆಯನ್ನು ಓದಲು ಅಡ್ಡಿಯಿಲ್ಲ; ಅದರಲ್ಲಿ ಮೀನಿನಷ್ಟೇ ಹಸಿವೂ ಹೆಣ್ಣುಮಕ್ಕಳ ಜಾಣ್ಮೆಯೂ ಇವೆ.

ಈ ಯಾನ್ಸನ್ ಯಾರು? 'ಯಾನನ ಮಗ' ಎಂದಷ್ಟೇ ಆ ಮಾತಿನ ಅರ್ಥ. ನಮ್ಮ ಹಳ್ಳಿಯ ಚಾವಡಿಯಲ್ಲಿ ನಿಂತು 'ರಾಮಣ್ಣಾ' ಎಂದು ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡುವಂತೆ, ಆ ಹೆಸರಿಗೆ ಓಗೊಡುವವರು ಅಲ್ಲಿ ಸಾವಿರಾರು. ಆದುದರಿಂದ ಕಥೆಗಳಿಗೂ ಕೊರತೆಯಿಲ್ಲ. ಪೆಲ್ಲೆ ಯಾನ್ಸೊನ್ (1844–1889) ಎಂಬ ಆಪೆರಾ ಗಾಯಕ ದೊಡ್ಡ ಭೋಜನಪ್ರಿಯ. ಅವನ ಹೆಸರೇ ಈ ಅಡಿಗೆಗೆ ಬಂತೆಂದು ಕೆಲವರು ಹೇಳುತ್ತಾರೆ. ಎರಿಕ್ ಯಾನ್ಸನ್ (1808–1850) ಎಂಬ ಧರ್ಮಪ್ರಚಾರಕನಿದ್ದ. ಸ್ವೀಡನ್ನಿನ ಅಧಿಕೃತ ಚರ್ಚಿನೊಡನೆ ಜಗಳವಾಡಿಕೊಂಡು ಅಮೆರಿಕಕ್ಕೆ ಹೋಗಿ, 1846ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಬಿಷಪ್ ಹಿಲ್ ಎಂಬ ವಸಾಹತನ್ನು ಕಟ್ಟಿದವನು. ಇಂದ್ರಿಯನಿಗ್ರಹವನ್ನು ಬೋಧಿಸುತ್ತಿದ್ದ ಆ ಮಹಾಶಯ ಈ ಪಾತ್ರೆಯ ಪರಿಮಳಕ್ಕೆ ಸೋತನೆಂಬುದು ಇನ್ನೊಂದು ಕಥೆ. ಕಥೆ ಸ್ವಾರಸ್ಯವಾಗಿದೆ, ಸ್ವಾರಸ್ಯವಿದ್ದಷ್ಟೂ ನಂಬಲು ಹಿಂಜರಿಯಬೇಕು. ಮೂರನೆಯ ವಾದ ಸಪ್ಪೆಯಾದದ್ದು, ಆದರೆ ನನಗೆ ಅದೇ ಸರಿಯೆಂದು ತೋರುತ್ತದೆ. 1928ರಲ್ಲಿ 'ಯಾನ್ಸನ್ಸ್ ಫ್ರೆಸ್ಟೆಲ್ಸೆ' ಎಂಬ ಹೆಸರಿನ ಒಂದು ಚಲನಚಿತ್ರ ಬಂದಿತ್ತು. ಎಲ್ವಿರಾ ಸ್ಟಿಗ್‌ಮಾರ್ಕ್ ಎಂಬ ಮನೆಯೊಡತಿ ತನ್ನ ಔತಣದ ಈ ಅಡಿಗೆಗೆ ಆ ಚಿತ್ರದ ಹೆಸರನ್ನೇ ಇಟ್ಟಳೆಂದು ಆಕೆಯ ಮಗ ಗುನ್ನಾರ್ ಸ್ಟಿಗ್‌ಮಾರ್ಕ್ ಹೇಳಿದ್ದಾನೆ. ಈ ಹೆಸರಿನ ಪಾಕವಿಧಾನ ಮೊದಲು ಅಚ್ಚಾದದ್ದು 1940ರಲ್ಲಿ ಎನ್ನುತ್ತಾರೆ. ಗಾಯಕನು ತೀರಿಕೊಂಡು ಆಗಲೇ ಅರ್ಧ ಶತಮಾನವಾಗಿತ್ತು.

ಹೆಸರು ಹೀಗೆ ಹೊಸದು. ಪಾತ್ರೆಯೊಳಗಿನ ಪದಾರ್ಥಗಳ ಕಥೆ ಹಳೆಯದು. ಅವುಗಳಲ್ಲಿ ದೊಡ್ಡದು ಆಲೂಗಡ್ಡೆಯ ಕಥೆ.

ಈ ಗೆಡ್ಡೆ ದಕ್ಷಿಣ ಅಮೆರಿಕದ್ದೆಂಬುದು ಎಲ್ಲರಿಗೂ ತಿಳಿದದ್ದೇ. ಸ್ವೀಡನ್ನಿನಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ಉಪ್ಸಾಲಾದಲ್ಲಿ ಓಲೋಫ್ ರುಡ್‌ಬೆಕ್ ಎಂಬ ವಿದ್ವಾಂಸನ ಸಸ್ಯೋದ್ಯಾನದಲ್ಲಿ. 1658ರ ಗಿಡಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಆದರೆ ಅದು ನೋಡುವ ಗಿಡವಾಗಿತ್ತೇ ಹೊರತು ಉಣ್ಣುವ ಗೆಡ್ಡೆಯಾಗಿರಲಿಲ್ಲ. 1724ರ ಸುಮಾರಿಗೆ ಯೋನಾಸ್ ಆಲ್‌ಸ್ಟ್ರೋಮರ್ ಎಂಬ ಉದ್ಯಮಿ ಪಶ್ಚಿಮ ತೀರದ ಗೋಥೆನ್‌ಬರ್ಗಿಗೆ ಹತ್ತಿರದ ಆಲಿಂಗ್‌ಸೋಸ್ ಊರಿನಲ್ಲಿ ಅದನ್ನು ಹೊಲದ ಬೆಳೆಯಾಗಿ ಬೆಳೆಸಿದ. ಬೆಳೆಯಿರೆಂದು ಜನರಿಗೆ ಬೋಧಿಸಿದ. ಜನ ಕೇಳಲಿಲ್ಲ. ನೆಲದ ಕತ್ತಲೆಯಲ್ಲಿ ಬೆಳೆಯುವ, ವೇದಪುಸ್ತಕದಲ್ಲಿ ಹೆಸರಿಲ್ಲದ ಈ ಗೆಡ್ಡೆಯನ್ನು ಯೂರೋಪಿನ ರೈತರು ಬಹುಕಾಲ ಅನುಮಾನದಿಂದಲೇ ನೋಡಿದರು.

ಜನರ ಮನಸ್ಸನ್ನು ತಿರುಗಿಸಿದ ಉಪಾಯ ವಿಚಿತ್ರವಾದದ್ದು. 1746ರಲ್ಲಿ ಏವಾ ಏಕೆಬ್ಲಾದ್ ಎಂಬ ಇಪ್ಪತ್ತೆರಡು ವರ್ಷದ ಸಿರಿವಂತ ಮನೆಯ ಹೆಣ್ಣುಮಗಳು ಆಲೂಗಡ್ಡೆಯಿಂದ ಹಿಟ್ಟನ್ನೂ ಮದ್ಯವನ್ನೂ ತೆಗೆಯುವ ಪ್ರಯೋಗ ಮಾಡಿ ತೋರಿಸಿದಳು. ಆ ಕಾಲಕ್ಕೆ ಅಲ್ಲಿ ಧಾನ್ಯದ ದೊಡ್ಡ ಪಾಲು ಭಟ್ಟಿಗೆ ಹೋಗುತ್ತಿತ್ತು. ಬೆಳೆ ಕೆಟ್ಟ ವರ್ಷ ಹೊಟ್ಟೆಗಿಲ್ಲದೆ ಜನ ಸಾಯುತ್ತಿದ್ದರು. ಭಟ್ಟಿಗೆ ಗೆಡ್ಡೆ ಹೋದರೆ ರೊಟ್ಟಿಗೆ ಧಾನ್ಯ ಉಳಿಯುತ್ತದೆ. ಸ್ಟಾಕ್‌ಹೋಮಿನ ವಿಜ್ಞಾನ ಅಕಾಡೆಮಿ 1748ರಲ್ಲಿ ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು. ಅಲ್ಲಿ ಆ ಮರ್ಯಾದೆ ಪಡೆದ ಮೊದಲ ಹೆಂಗಸು ಆಕೆಯೇ. (1739ರಲ್ಲಿ ಆ ಅಕಾಡೆಮಿಯನ್ನು ಸ್ಥಾಪಿಸಿದವರಲ್ಲಿ ನಮ್ಮ ಆಲ್‌ಸ್ಟ್ರೋಮರನೂ ಒಬ್ಬ.) ಹಸಿವನ್ನು ತಡೆಯಲು ಹೊರಟ ವಿದ್ಯೆ ಕುಡಿತವನ್ನೂ ಹೆಚ್ಚಿಸಿತೆಂಬುದು ನಿಜ. ಮನೆಮನೆಯಲ್ಲಿ ಭಟ್ಟಿಯಿಳಿಸುವುದು ಎಷ್ಟು ಬೆಳೆಯಿತೆಂದರೆ 1855ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಗೆಡ್ಡೆ ಹೊಲಕ್ಕೆ ಬಂತು. ಹೊಲದಿಂದ ಮಡಕೆಗೆ ಬಂತು. 1757ರಿಂದ 1762ರವರೆಗೆ ಪೊಮೆರೇನಿಯಾದಲ್ಲಿ ಯುದ್ಧಮಾಡಿದ ಸಿಪಾಯಿಗಳೂ ಅದನ್ನು ತಿನ್ನುವ ಅಭ್ಯಾಸ ಕಲಿತು ಬಂದರಂತೆ. ಆ ದಂಡಯಾತ್ರೆಯನ್ನು ಅಲ್ಲಿನವರು ಹಾಸ್ಯಕ್ಕೆ ಆಲೂಗಡ್ಡೆ ಯುದ್ಧವೆಂದೇ ಕರೆದರು. ಮುಂದೆ 1833ರಲ್ಲಿ ಕವಿಯೂ ಬಿಷಪ್ಪನೂ ಆಗಿದ್ದ ಎಸಾಯಸ್ ತೆಂಗ್ನೇರ್ ತನ್ನ ದೇಶದ ಜನಸಂಖ್ಯೆ ಬೆಳೆದುದಕ್ಕೆ ಶಾಂತಿ, ಸಿಡುಬಿನ ಲಸಿಕೆ ಇವೆರಡರ ಸಾಲಿಗೆ ಆಲೂಗಡ್ಡೆಯನ್ನೂ ಸೇರಿಸಿದ. ಹಾಗೆಂದು ಕ್ಷಾಮ ಪೂರ್ತಿಯಾಗಿ ತೊಲಗಲಿಲ್ಲ. 1867ರಿಂದ 1869ರ ಹೊತ್ತಿಗೆ ಮತ್ತೆ ಬಂದು, ಮರದ ತೊಗಟೆಯನ್ನು ಹಿಟ್ಟಿಗೆ ಬೆರೆಸಿ ತಿನ್ನಿಸಿ, ಅನೇಕರನ್ನು ಅಮೆರಿಕದ ಹಡಗು ಹತ್ತಿಸಿತು. ಹಬ್ಬದ ಪಾತ್ರೆಯಲ್ಲಿ ಇಂದು ಕೆನೆಯಲ್ಲಿ ಮುಳುಗಿರುವ ಆಲೂಗಡ್ಡೆಗೆ ಇಷ್ಟು ಹಿನ್ನೆಲೆಯಿದೆ. ಹೆಸರು ಯಾರದ್ದೇ ಇರಲಿ, ಈ ಅಡಿಗೆಯ ಮೊದಲ ಋಣ ಏವಾ ಏಕೆಬ್ಲಾದಳಿಗೆ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಇನ್ನು ಮೀನು. ಸ್ವೀಡನ್ನಿನ ಪಾಕಪುಸ್ತಕಗಳು ಇದನ್ನು 'ಆನ್‌ಶೋವಿಸ್' ಎನ್ನುತ್ತವೆ. ಇಂಗ್ಲಿಷಿಗೆ ತರ್ಜುಮೆ ಮಾಡಿದವರು ಕಿವಿಗೆ ಬಿದ್ದುದನ್ನೇ ಹಿಡಿದು 'ಆಂಕೊವಿ' ಎಂದು ಬರೆದರು. ಅದನ್ನು ನಂಬಿ ಅಡಿಗೆ ಮಾಡಿದವರ ನಾಲಿಗೆ ಉಪ್ಪಿನಿಂದ ಕೆಟ್ಟಿತು. ಆಂಕೊವಿ ಮೆಡಿಟರೇನಿಯನ್ ಕಡೆ ಉಪ್ಪಿನಲ್ಲಿ ಹೂಳಿ ಹದಮಾಡುವ ಮೀನು, ಬಲು ಉಪ್ಪು. ಸ್ವೀಡನ್ನಿನವರ ಡಬ್ಬಿಯಲ್ಲಿರುವುದು ಸ್ಪ್ರಾಟ್ ಎಂಬ ಬೇರೆ ಮೀನು. ನಮ್ಮ ಕರಾವಳಿಯ ಬೂತಾಯಿಯೂ ಸೇರಿದ ಹೆರಿಂಗ್ ಬಳಗದ್ದು. ಅದನ್ನು ಉಪ್ಪು, ಸಕ್ಕರೆ, ದಾಲ್ಚಿನ್ನಿ ಮೊದಲಾದ ಸಂಬಾರಗಳಲ್ಲಿ ಹಾಕಿಡುತ್ತಾರೆ. ರುಚಿ ಸಿಹಿಯ ಕಡೆಗೆ ವಾಲಿರುತ್ತದೆ. ಆ ಸಂಬಾರಗಳಲ್ಲಿ ಒಂದು ನಮ್ಮ ನೆರೆಯದು, ರಕ್ತಚಂದನ. ಆಂಧ್ರದ ಕಡಪ, ಚಿತ್ತೂರುಗಳ ಬೆಟ್ಟಗಳೇ ಆ ಮರದ ತವರು.

ದೂರದ ವಸ್ತುವಿನ ಹೆಸರನ್ನು ಹತ್ತಿರದ ವಸ್ತುವಿಗೆ ಇಡುವುದು ಎಲ್ಲ ಭಾಷೆಗಳ ಗುಣ. ಹೊಸ ಖಂಡದಿಂದ ಬಂದ ಖಾರದ ಕಾಯಿಗೆ ನಾವು ನಮ್ಮ ಕರಿಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಸಂಸ್ಕೃತದ 'ಆಲು', 'ಆಲುಕ' ಎಂಬುವು ಹಿಂದೆ ಬೇರೆ ಗೆಡ್ಡೆಗಳಿಗೆ ಸಲ್ಲುತ್ತಿದ್ದ ಮಾತುಗಳು. ಈಗ ಅವು ಈ ಅಮೆರಿಕದ ಗೆಡ್ಡೆಗೆ ಅಂಟಿಕೊಂಡಿವೆ. ಹಳೆಯ ಗ್ರಂಥದಲ್ಲಿ 'ಆಲು' ಎಂಬ ಪದ ಕಂಡೊಡನೆ ನಮ್ಮ ಹಿರಿಯರು ಆಲೂಗಡ್ಡೆಯ ಪಲ್ಯ ತಿನ್ನುತ್ತಿದ್ದರೆಂದು ಸಾಧಿಸುವವರನ್ನು ನಾನು ಕಂಡಿದ್ದೇನೆ. ಮಂಗರಸನು 'ಸೂಪಶಾಸ್ತ್ರ' ಬರೆದ ಹದಿನಾರನೆಯ ಶತಮಾನದ ಆದಿಯಲ್ಲಿ ಈ ಗೆಡ್ಡೆ ಇನ್ನೂ ನಮ್ಮ ದೇಶದ ದಾರಿ ಹಿಡಿದಿರಲಿಲ್ಲ. ಆ ವಿದ್ವಾಂಸರಿಗೂ ಉಪ್ಪುಮೀನು ಸುರಿದ ತರ್ಜುಮೆಗಾರರಿಗೂ ಆದ ತೊಡಕು ಒಂದೇ.

ಸ್ವೀಡನ್ನಿನ ಪಶ್ಚಿಮ ತೀರದ ಬೋಹುಸ್‌ಲೆನ್ ಈ ಮೀನಿನ ಸೀಮೆ. 1747ರಿಂದ 1809ರವರೆಗೆ ಅಲ್ಲಿ ಹೆರಿಂಗ್ ಮೀನು ಲೆಕ್ಕವಿಲ್ಲದಷ್ಟು ಬಂದು, ಉಪ್ಪು ಹಾಕುವ, ಎಣ್ಣೆ ತೆಗೆಯುವ ಕೆಲಸ ಊರೂರಿಗೂ ಹಬ್ಬಿತು. ಮತ್ತೆ ಮೀನು ಕಾಣದಾಯಿತು, ಊರುಗಳು ಬಡವಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪ್ರಾಟಿಗೆ ಮಸಾಲೆ ಹಾಕಿ ಪೀಪಾಯಿಗಳಲ್ಲೂ ಆಮೇಲೆ ತಗಡಿನ ಡಬ್ಬಿಗಳಲ್ಲೂ ತುಂಬಿ ಮಾರುವ ಉದ್ಯಮ ಬೆಳೆಯಿತು. ಅಂಥ ಒಂದು ಮೀನಿನ ಕಂಪೆನಿಯ ಹೆಸರು 'ಅಬ್ಬಾ'. ನಮ್ಮಲ್ಲಿ ಅಚ್ಚರಿಗೆ ಆಡುವ ಮಾತು! 1970ರ ದಶಕದಲ್ಲಿ ಆ ಹೆಸರಿನಿಂದಲೇ ಲೋಕಪ್ರಸಿದ್ಧರಾದ ಗಾಯಕರು ಮೀನಿನವರ ಒಪ್ಪಿಗೆ ಕೇಳಿ ಪಡೆದರಂತೆ.

ಕೆನೆ ಮತ್ತು ಓವನ್ನುಗಳ ಮಾತು ಚಿಕ್ಕದು. ಹಾಲನ್ನು ಅಗಲ ಪಾತ್ರೆಯಲ್ಲಿ ಇಟ್ಟು, ಕೆನೆ ಕಟ್ಟುವವರೆಗೆ ಕಾದು ತೆಗೆಯುತ್ತಿದ್ದ ಕಾಲದಲ್ಲಿ ಅದು ಅಪರೂಪದ ವಸ್ತು. 1878ರಲ್ಲಿ ಸ್ವೀಡನ್ನಿನವನೇ ಆದ ಗುಸ್ತಾಫ್ ದೆ ಲಾವಾಲ್, ಹಾಲನ್ನು ವೇಗವಾಗಿ ತಿರುಗಿಸಿ ಕೆನೆಯನ್ನು ಬೇರ್ಪಡಿಸುವ ಸೆಪರೇಟರ್ ಯಂತ್ರವನ್ನು ರೂಪಿಸಿದ. ಡೈರಿಗಳಲ್ಲಿ ಕೆನೆ ಹೇರಳವಾಯಿತು. ಅದೇ ಶತಮಾನದಲ್ಲಿ ತೆರೆದ ಒಲೆಯ ಬದಲು ಓವನ್ನುಳ್ಳ ಎರಕದ ಕಬ್ಬಿಣದ ಒಲೆ ಮನೆಗಳಿಗೆ ಬಂತು. ಆಲೂಗಡ್ಡೆ, ಮೀನು, ಕೆನೆ, ಒಲೆ ನಾಲ್ಕೂ ಒಂದೇ ಅಡಿಗೆಮನೆಯಲ್ಲಿ ಕೂಡಿದ ಮೇಲೆ ಯಾವ ಯಾನ್ಸನ್ ಬೇಕಾದರೂ ಮರುಳಾಗಬಹುದಿತ್ತು.

ಮನೆಯಲ್ಲಿ ಮಾಡುವ ಕ್ರಮ ಸುಲಭ. ಸುಮಾರು ಒಂದು ಕಿಲೋ ಆಲೂಗಡ್ಡೆಯ ಸಿಪ್ಪೆ ತೆಗೆದು ಬೆಂಕಿಕಡ್ಡಿಗಿಂತ ತುಸು ದಪ್ಪವಾಗಿ ಹೆಚ್ಚಬೇಕು. ಹೆಚ್ಚಿದ ಮೇಲೆ ನೀರಿನಲ್ಲಿ ತೊಳೆಯಬಾರದು. ಅದರ ಪಿಷ್ಟವೇ ಕೆನೆಯನ್ನು ಗಟ್ಟಿಮಾಡುವುದು. ಎರಡು ಮೂರು ಈರುಳ್ಳಿಯನ್ನು ಬೆಣ್ಣೆಯಲ್ಲಿ ಕಂದಾಗದಂತೆ ಬಾಡಿಸಬೇಕು. ಬೆಣ್ಣೆ ಸವರಿದ ಪಾತ್ರೆಯಲ್ಲಿ ಅರ್ಧ ಆಲೂಗಡ್ಡೆ, ಅದರ ಮೇಲೆ ಈರುಳ್ಳಿ, ಅದರ ಮೇಲೆ 125 ಗ್ರಾಮಿನ ಎರಡು ಡಬ್ಬಿ ಸ್ಪ್ರಾಟ್, ಮತ್ತೆ ಉಳಿದ ಆಲೂಗಡ್ಡೆ. ಡಬ್ಬಿಯ ಮಸಾಲೆನೀರನ್ನು ಚೆಲ್ಲದೆ ಎರಡು ಮೂರು ಚಮಚ ಹಾಕಿ, ಮುನ್ನೂರು ಮಿಲಿಲೀಟರ್ ಕೆನೆಯಲ್ಲಿ ಅರ್ಧವನ್ನು ಸುರಿದು, ಮೇಲೆ ಬ್ರೆಡ್ಡಿನ ಪುಡಿಯನ್ನೂ ಬೆಣ್ಣೆಯ ಚೂರುಗಳನ್ನೂ ಉದುರಿಸಬೇಕು. ಬೇರೆ ಉಪ್ಪು ಬೇಡ. 200 ಡಿಗ್ರಿ ಸೆಂಟಿಗ್ರೇಡಿನ ಓವನ್ನಿನಲ್ಲಿ ಇಪ್ಪತ್ತು ನಿಮಿಷವಾದ ಮೇಲೆ ಉಳಿದ ಕೆನೆಯನ್ನು ಹಾಕಿ, ಇನ್ನೂ ಅರ್ಧ ಗಂಟೆ, ಆಲೂಗಡ್ಡೆ ಮೆತ್ತಗಾಗುವವರೆಗೆ ಬೇಯಿಸಬೇಕು. ಸ್ಪ್ರಾಟ್ ಸಿಗದೆ ಆಂಕೊವಿಯನ್ನೇ ಹಾಕುವವರು ಅಳತೆಯನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿ, ಕೆನೆಗೆ ಚಿಟಿಕೆ ಸಕ್ಕರೆ, ಚಿಟಿಕೆ ದಾಲ್ಚಿನ್ನಿ ಪುಡಿ ಬೆರೆಸಿದರೆ ರುಚಿ ಹತ್ತಿರಕ್ಕೆ ಬರುತ್ತದೆ.

ಸ್ವೀಡನ್ನಿನಲ್ಲಿ ಇದು ಹಬ್ಬದ ಊಟಕ್ಕಷ್ಟೇ ಮೀಸಲಲ್ಲ. ಔತಣಕ್ಕೆ ಬಂದವರು ರಾತ್ರಿ ಬಹಳ ಹೊತ್ತಾದ ಮೇಲೆ ಹೊರಡಲು ಎದ್ದಾಗ, ಮನೆಯೊಡತಿ ಈ ಬಿಸಿ ಪಾತ್ರೆಯನ್ನು ತಂದಿಟ್ಟು ಮತ್ತೆ ಕೂರಿಸುವುದೂ ಉಂಟು. ಹೊರಗೆ ಹಿಮ ಬೀಳುತ್ತಿರುವ ನಾಡಿನಲ್ಲಿ ಬೇಡವೆನ್ನುವವರು ಕಡಿಮೆ.