ಕಾಫಿ ಗಿಡದ ಅಕಾಲ ಪುಷ್ಪೋದ್ಗಮ
ಮಾಗಿಯ ಒಣಹವೆಯಲ್ಲಿ ಸುಪ್ತಾವಸ್ಥೆಯನ್ನು ತಾಳಿ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂಮಳೆಗಾಗಿ ಕಾದಿರುವ ಕಾಫಿ ಗಿಡದ ಮೊಗ್ಗುಗಳು, ಡಿಸೆಂಬರ್ ಅಥವಾ ಜನವರಿಯಲ್ಲಿಯೇ ಬಿದ್ದ ಮಳೆಯಿಂದ ಎಚ್ಚೆತ್ತು ಅರಳುವ ವಿದ್ಯಮಾನ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಇದು ಸುಪರಿಚಿತ. ದೀರ್ಘಕಾಲದ ಜಲಾಭಾವದ ತರುವಾಯ ದೊರೆತ ನೀರೇ ಮೊಗ್ಗಿನ ಸುಪ್ತಿಯನ್ನು ಮುರಿಯುವುದರಿಂದ, ತಿಂಗಳು ಯಾವುದಾದರೂ ಮಳೆಯಾದ ಸುಮಾರು 8–10 ದಿನಗಳಲ್ಲಿ, ಮಲ್ಲಿಗೆಯಂಥ ಕಂಪಿನ ಶ್ವೇತಪುಷ್ಪಗಳು ರೆಂಬೆರೆಂಬೆಯನ್ನೂ ಆವರಿಸುತ್ತವೆ. ನೋಟಕ್ಕೆ ಅತ್ಯಂತ ರಮಣೀಯವಾದರೂ ಬೆಳೆಗಾರನ ಪಾಲಿಗೆ ಇದು ಕ್ಲೇಶದಾಯಕವೇ ಸರಿ: ಹಣ್ಣು ಕೊಯ್ಲಿಗೆ ಬಂದಿರುವ ರೊಬಸ್ಟಾ ಕಾಫಿಯ ರೆಂಬೆಯಲ್ಲಿಯೇ ಹೂ ಬಿರಿದಾಗ, ಕೊಯ್ಯುವವರ ಕೈ ತಾಗಿ ಹೂಗಳು ಉದುರುವುವು, ಕೊಯ್ಲನ್ನು ಮುಂದೂಡಿದರೆ ಹಣ್ಣು ಗಿಡದಲ್ಲಿಯೇ ಒಣಗಿ ನೆಲಕ್ಕೆ ಬೀಳುವುದು. ಮಳೆ ಸಾಲದಾದಲ್ಲಿ ಮೊಗ್ಗು ಅರೆಬಿರಿದು ಕೆಡುವುದುಂಟು. ಮುಂದಿನ ಮಳೆ ತಡವಾದರೆ ಕಟ್ಟಿದ ಪೀಚುಗಳೂ ನಿಲ್ಲಲಾರವು.