ಮುಂಬೈ ಯುವಜನರಿಗೆ ಲೈಂಗಿಕ ಆರೋಗ್ಯ, ಗರ್ಭಧಾರಣೆ ನೆರವು: ಎಲ್ಲಿ ಸಿಗುತ್ತೆ, ಕಾನೂನು ಏನು ಹೇಳುತ್ತೆ?

ಮುಂಬೈ: ಮುಟ್ಟು ತಪ್ಪಿದ್ದು ಗಮನಕ್ಕೆ ಬರುವ ಹೊತ್ತಿಗೆ ವೈದ್ಯರ ಲೆಕ್ಕದಲ್ಲಿ ಗರ್ಭಕ್ಕೆ ಆಗಲೇ ಸುಮಾರು ನಾಲ್ಕು ವಾರ ಆಗಿರುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸುವುದು ವೈದ್ಯಕೀಯ ಪದ್ಧತಿ. ಗರ್ಭಪಾತದ ಕಾನೂನು ನಿಂತಿರುವುದೂ ಈ ವಾರಗಳ ಲೆಕ್ಕದ ಮೇಲೆಯೇ. 19ರ ಹುಡುಗಿಯೊಬ್ಬಳು ಯಾರಿಗೂ ಹೇಳಲಾಗದೆ 'ಮುಂದಿನ ತಿಂಗಳು ನೋಡೋಣ' ಎಂದು ಸುಮ್ಮನಿದ್ದರೆ, ಮಾತ್ರೆಯಲ್ಲೇ ಮುಗಿಯಬಹುದಾಗಿದ್ದ ವಿಷಯ ಆಪರೇಷನ್ ಥಿಯೇಟರ್‌ವರೆಗೆ ಹೋಗಬಹುದು. ಇನ್ನೂ ತಡವಾದರೆ ಬಾಂಬೆ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಬೇಕಾಗಬಹುದು.

ಮುಂಬೈನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಪರೇಲ್‌ನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್, ಮುಂಬೈ ಸೆಂಟ್ರಲ್‌ನ ನಾಯರ್, ಜುಹುವಿನ ಕೂಪರ್ ಆಸ್ಪತ್ರೆಗಳನ್ನು ಪಾಲಿಕೆಯೇ ನಡೆಸುತ್ತಿದೆ. ಬರ ಇರುವುದು ಮಾಹಿತಿಗೆ. ಒಬ್ಬಳೇ ಹೋದರೆ ನೋಡುತ್ತಾರಾ? ಅಪ್ಪ-ಅಮ್ಮನ ಸಹಿ ಕೇಳುತ್ತಾರಾ? ಪೊಲೀಸರು ಬರುತ್ತಾರಾ? ಈ ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಆದರೆ ಹುಡುಗ-ಹುಡುಗಿಯರಿಗೆ ಸಿಗುವುದು ಗೆಳೆಯರ ವಾಟ್ಸಾಪ್ ಉತ್ತರ.

18 ದಾಟಿದ್ದರೆ ಸಹಿ ಒಂದೇ ಸಾಕು

ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆ, 1971ರದ್ದು. 2021ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಈಗಿನ ನಿಯಮದ ಪ್ರಕಾರ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ ಇಬ್ಬರು ವೈದ್ಯರು ಒಪ್ಪಬೇಕು, ಅದೂ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ. ಅತ್ಯಾಚಾರ ಸಂತ್ರಸ್ತೆಯರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು ಈ ಪಟ್ಟಿಯಲ್ಲಿದ್ದಾರೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರಗಳ ನಂತರವೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಮಂಡಳಿ ಮೂರು ದಿನದಲ್ಲಿ ಅಭಿಪ್ರಾಯ ತಿಳಿಸಬೇಕು.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. 18 ತುಂಬಿದ ಯಾವುದೇ ಮಹಿಳೆಗೆ ತನ್ನ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಡ, ಬಾಯ್‌ಫ್ರೆಂಡ್ ಸಹಿ ಬೇಡ, ತಂದೆಯ ಸಹಿಯೂ ಬೇಡ. ಕೆಲವು ಕಡೆ ರಿಸೆಪ್ಷನ್‌ನಲ್ಲೇ 'ಮನೆಯವರನ್ನು ಕರ್ಕೊಂಡು ಬಾ' ಎನ್ನುವುದುಂಟು. ಆದರೆ ಕಾಯ್ದೆಯಲ್ಲಿ ಅಂಥ ಷರತ್ತೇ ಇಲ್ಲ. ಗರ್ಭನಿರೋಧಕ ವಿಫಲವಾಯಿತು ಎಂಬ ಕಾರಣಕ್ಕೆ ಮೊದಲು ವಿವಾಹಿತೆಗೆ ಮಾತ್ರ ಅವಕಾಶವಿತ್ತು. 2021ರ ತಿದ್ದುಪಡಿಯಲ್ಲಿ 'ಗಂಡ' ಎಂಬ ಪದ ಹೋಗಿ 'ಸಂಗಾತಿ' ಎಂಬ ಪದ ಬಂತು. ಒಂದೇ ಪದ, ಆದರೆ ಅವಿವಾಹಿತರಿಗೆ ಬಾಗಿಲು ತೆರೆದದ್ದು ಅದೇ.

ಉಳಿದಿದ್ದ ಗೊಂದಲವನ್ನು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಬಗೆಹರಿಸಿತು. ನ್ಯಾ. ಡಿ.ವೈ. ಚಂದ್ರಚೂಡ್, ಕರ್ನಾಟಕದವರಾದ ನ್ಯಾ. ಎ.ಎಸ್. ಬೋಪಣ್ಣ ಮತ್ತು ನ್ಯಾ. ಜೆ.ಬಿ. ಪಾರ್ದಿವಾಲಾ ಅವರ ಪೀಠ, 20ರಿಂದ 24 ವಾರಗಳ ಅವಕಾಶ ಅವಿವಾಹಿತೆಯರಿಗೂ ಅನ್ವಯಿಸುತ್ತದೆ ಎಂದು ತೀರ್ಪು ನೀಡಿತು.

ಗುಟ್ಟಿನ ವಿಚಾರಕ್ಕೆ ಬಂದರೆ, ಗರ್ಭಪಾತ ಮಾಡಿಸಿಕೊಂಡವರ ಹೆಸರು, ವಿವರವನ್ನು ಕಾನೂನಿನ ಅಧಿಕಾರ ಇರುವವರಿಗೆ ಬಿಟ್ಟು ಬೇರೆ ಯಾರಿಗೂ ವೈದ್ಯರು ಹೇಳುವಂತಿಲ್ಲ. ಹೇಳಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ನೆರೆಮನೆಯವರಿಗೆ ಗೊತ್ತಾಗುತ್ತದೆ ಎಂಬ ಭಯದಲ್ಲಿ ಕಲ್ಯಾಣದಿಂದ ದಾದರ್‌ಗೆ, ವಸಾಯಿಯಿಂದ ಅಂಧೇರಿಗೆ ಹೋಗಿ ತೋರಿಸಿಕೊಂಡರೂ ತಪ್ಪೇನಿಲ್ಲ. ಇಂಥ ವಾರ್ಡ್‌ನ ಆಸ್ಪತ್ರೆಗೇ ಹೋಗಬೇಕೆಂದು ಕಾಯ್ದೆ ಹೇಳುವುದಿಲ್ಲ.

18ರ ಒಳಗಿದ್ದರೆ ಲೆಕ್ಕ ಬೇರೆ

ಇದೇ ಅತಿ ತೊಡಕಿನ ಭಾಗ. 18ರ ಒಳಗಿನವರ ಗರ್ಭಪಾತಕ್ಕೆ ಪಾಲಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಆದರೆ ಎಂಟಿಪಿ ಕಾಯ್ದೆಯಲ್ಲಿ ಪಾಲಕರು ಎಂದರೆ ಹೆತ್ತವರೇ ಆಗಬೇಕೆಂದಿಲ್ಲ, ಅಪ್ರಾಪ್ತೆಯ ಆರೈಕೆಯ ಹೊಣೆ ಹೊತ್ತವರು ಎಂದರ್ಥ. ಊರಿನಲ್ಲಿ ಅಪ್ಪ-ಅಮ್ಮ, ಮುಂಬೈನಲ್ಲಿ ಚಿಕ್ಕಮ್ಮನ ಮನೆ ಎಂಬಂಥ ಕುಟುಂಬಗಳಿಗೆ ಇದು ಮುಖ್ಯ.

ಇನ್ನೊಂದು ಕಡೆ 2012ರ ಪೋಕ್ಸೊ ಕಾಯ್ದೆ ಇದೆ. ಅದರ ಪ್ರಕಾರ 18ರ ಒಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಇಬ್ಬರೂ 17ರ ಕಾಲೇಜು ಪ್ರೇಮಿಗಳಾದರೂ ಕಾನೂನಿನ ಕಣ್ಣಿಗೆ ಅದು ಅಪರಾಧವೇ. ವಿಷಯ ತಿಳಿದ ಯಾರೇ ಆಗಲಿ, ವೈದ್ಯರೂ ಸೇರಿ, ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯ ಭಯ. ಇದರಿಂದ ಏನಾಯಿತೆಂದರೆ ಹುಡುಗಿಯರು ಆಸ್ಪತ್ರೆಗೇ ಹೆದರತೊಡಗಿದರು, ಕೆಲವು ವೈದ್ಯರು ಹುಡುಗಿಯರಿಗೆ ಹೆದರತೊಡಗಿದರು.

2022ರ ಅದೇ ತೀರ್ಪು ಇಲ್ಲೊಂದು ದಾರಿ ಮಾಡಿಕೊಟ್ಟಿದೆ. ಅಪ್ರಾಪ್ತೆ ಮತ್ತು ಆಕೆಯ ಪಾಲಕರು ಕೇಳಿಕೊಂಡರೆ, ಗರ್ಭಪಾತಕ್ಕೆ ಬಂದ ಹುಡುಗಿಯ ಹೆಸರು, ಗುರುತನ್ನು ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಬರೆಯಬೇಕಿಲ್ಲ. ಮಾಹಿತಿ ಹೋಗುತ್ತದೆ, ಹೆಸರು ಹೋಗುವುದಿಲ್ಲ. ಇದು ತಾನಾಗಿ ಸಿಗುವ ಸೌಲಭ್ಯವಲ್ಲ, ಬಾಯಿಬಿಟ್ಟು ಕೇಳಬೇಕು. ಕೇಳಬಹುದು ಎಂಬುದೇ ಎಷ್ಟೋ ಪೋಷಕರಿಗೆ ಗೊತ್ತಿಲ್ಲ.

ಹದಿಹರೆಯದವರ ಸಮ್ಮತಿಯ ವಯಸ್ಸಿನ ಚರ್ಚೆಯಲ್ಲಿ ಧಾರವಾಡಕ್ಕೂ ಪಾಲಿದೆ. ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಈ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಹೇಳಿತ್ತು. 2023ರಲ್ಲಿ ಬಂದ ಆಯೋಗದ 283ನೇ ವರದಿ ವಯಸ್ಸು ಇಳಿಸುವುದು ಬೇಡ ಎಂದಿತು. 16ರಿಂದ 18ರ ನಡುವಿನ ಒಪ್ಪಿತ ಸಂಬಂಧಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಲಯಗಳಿಗೆ ವಿವೇಚನೆ ಇರಲಿ ಎಂದಷ್ಟೇ ಶಿಫಾರಸು ಮಾಡಿತು.

ಬಲವಂತ, ದೌರ್ಜನ್ಯ ನಡೆದಿದ್ದರೆ ಮಾತು ಬೇರೆ. ಸಂತ್ರಸ್ತರಿಗೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಉಚಿತವಾಗಿ ತಕ್ಷಣ ಚಿಕಿತ್ಸೆ ಕೊಡಬೇಕು. ಎಫ್‌ಐಆರ್ ತಂದರೆ ಮಾತ್ರ ನೋಡುತ್ತೇವೆ ಎನ್ನುವಂತಿಲ್ಲ. ಹಿಂಸೆ ಎದುರಿಸುವ ಮಹಿಳೆಯರಿಗಾಗಿ ಬಾಂದ್ರಾದ ಕೆ.ಬಿ. ಭಾಭಾ ಆಸ್ಪತ್ರೆಯಲ್ಲಿ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಆರಂಭಿಸಿದ 'ದಿಲಾಸಾ' ಕೇಂದ್ರ ಆಸ್ಪತ್ರೆಯೊಳಗೇ ಆಪ್ತಸಮಾಲೋಚನೆ ಕೊಡುತ್ತದೆ. ಇದೇ ಮಾದರಿ ನಂತರ ನಗರದ ಇತರ ಆಸ್ಪತ್ರೆಗಳಿಗೂ ಹಬ್ಬಿತು.

ಎರಡು ಮಾತ್ರೆ, ಎರಡು ಕೆಲಸ

ಮೆಡಿಕಲ್ ಶಾಪ್‌ಗಳಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲಿ. ತುರ್ತು ಗರ್ಭನಿರೋಧಕ ಮಾತ್ರೆ ಬೇರೆ, ಗರ್ಭಪಾತದ ಮಾತ್ರೆ ಬೇರೆ.

ಲೆವೊನೊರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಎಂಬ ತುರ್ತು ಮಾತ್ರೆಗೆ ಚೀಟಿ ಬೇಡ. 72 ಗಂಟೆಯೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಪರಿಣಾಮ ಹೆಚ್ಚು. ಅದು ಗರ್ಭ ನಿಲ್ಲದಂತೆ ತಡೆಯುತ್ತದೆಯೇ ಹೊರತು ನಿಂತ ಗರ್ಭವನ್ನು ತೆಗೆಯುವುದಿಲ್ಲ. ತಿಂಗಳಿಗೆ ಮೂರು ಸಲ ನುಂಗುವ ಮಾತ್ರೆಯೂ ಅದಲ್ಲ. ಸಂಪರ್ಕದ ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೂ ಗರ್ಭ ತಡೆಯಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಿಯಮಿತ ಬಳಕೆಗೆ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆ, ಕಾಂಡೋಮ್ ಕೂಡ ಅಲ್ಲಿ ಉಚಿತವಾಗಿ ಸಿಗುತ್ತವೆ. ಇವುಗಳಲ್ಲಿ ಲೈಂಗಿಕ ಸೋಂಕನ್ನೂ ತಡೆಯುವುದು ಕಾಂಡೋಮ್ ಮಾತ್ರ.

ಗರ್ಭಪಾತಕ್ಕೆ ಕೊಡುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ನಿಯಮದ ಪ್ರಕಾರ ಒಂಬತ್ತು ವಾರಗಳವರೆಗೆ, ವೈದ್ಯರ ಚೀಟಿ ಇದ್ದರೆ ಮಾತ್ರ. ಅಂಗಡಿಯಿಂದ ನೇರ ತಂದು ನುಂಗುವುದು ಏಕೆ ಅಪಾಯ? ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಜೀವಕ್ಕೇ ಕುತ್ತು ಬರಬಹುದು. ನುಂಗಿದ ನಂತರ ಸತತ ಎರಡು ಗಂಟೆ, ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವವಾದರೆ, ಜ್ವರ ಬಂದರೆ, ತಲೆಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಏನು ನುಂಗಿದ್ದು ಎಂಬುದನ್ನು ಮುಚ್ಚಿಡಬಾರದು.

ಲೋಕಲ್ ರೈಲಿನ ಬೋಗಿಗಳಲ್ಲಿ ಅಂಟಿಸುವ 'ಗುಪ್ತರೋಗ', 'ಗರ್ಭಪಾತ' ಪೋಸ್ಟರ್‌ಗಳನ್ನು ನೋಡದ ಮುಂಬೈಕರ್ ಇಲ್ಲ. ಖಾಸಗಿ ಕ್ಲಿನಿಕ್ ಅಸಲಿಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಗರ್ಭಪಾತಕ್ಕೆ ಅನುಮತಿ ಪಡೆದ ಖಾಸಗಿ ಕೇಂದ್ರ ತನ್ನ ಅನುಮತಿ ಪತ್ರವನ್ನು ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು. ಗೋಡೆಯ ಮೇಲೆ ಅದಿಲ್ಲದಿದ್ದರೆ ಹೊರಗೆ ಬರುವುದೇ ಒಳ್ಳೆಯದು.

ಶತಮಾನದ ಹಿಂದೆಯೇ ಶುರುವಾದ ಮಾತು

ಇವತ್ತಿಗೂ ಪಿಸುಗುಟ್ಟುವ ಈ ವಿಷಯವನ್ನು ಮುಂಬೈ 1921ರಲ್ಲೇ ಗಟ್ಟಿಯಾಗಿ ಮಾತಾಡಿತ್ತು. ಗಣಿತ ಪ್ರಾಧ್ಯಾಪಕ ರಘುನಾಥ ಧೋಂಡೊ ಕರ್ವೆ ಆ ವರ್ಷ ಸಂತಾನ ನಿಯಂತ್ರಣ ಕೇಂದ್ರ ತೆರೆದರು, ಅದಕ್ಕಾಗಿ ವಿಲ್ಸನ್ ಕಾಲೇಜಿನ ಕೆಲಸ ಕಳೆದುಕೊಂಡರು. 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆ ನಡೆಸಿದರು. ಅಶ್ಲೀಲತೆಯ ಆರೋಪದಲ್ಲಿ ಕೋರ್ಟಿಗೆ ಎಳೆದಾಗ 1934ರಲ್ಲಿ ಅವರ ಪರ ವಾದಿಸಿದ್ದು ಡಾ. ಬಿ.ಆರ್. ಅಂಬೇಡ್ಕರ್. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1930ರಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಭಾರತೀಯ ಕುಟುಂಬ ಯೋಜನಾ ಸಂಘ 1949ರಲ್ಲಿ ಹುಟ್ಟಿದ್ದೂ ಮುಂಬೈನಲ್ಲೇ. ಆ ಸಂಘದಲ್ಲಿ ಲೈಂಗಿಕ ಶಿಕ್ಷಣ, ಸಮಾಲೋಚನೆಗೆ ಬುನಾದಿ ಹಾಕಿದ ಡಾ. ಮಹಿಂದರ್ ವತ್ಸ 80 ದಾಟಿದ ಮೇಲೂ ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ.

ಇಷ್ಟೆಲ್ಲ ಪರಂಪರೆಯಿದ್ದೂ 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ ಬೇಡವೆಂದ ರಾಜ್ಯಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಇದ್ದವು.

ಕಾನೂನು ಬದಲಾಗುವಲ್ಲೂ ಈ ನಗರದ ಪಾತ್ರ ದೊಡ್ಡದು. 2008ರಲ್ಲಿ ಭ್ರೂಣಕ್ಕೆ ಹೃದಯದ ತೊಂದರೆ ಇದೆಯೆಂದು ತಡವಾಗಿ ತಿಳಿದ ಮುಂಬೈ ದಂಪತಿ, ಸ್ತ್ರೀರೋಗ ತಜ್ಞ ಡಾ. ನಿಖಿಲ್ ದಾತಾರ್ ಜೊತೆ ಬಾಂಬೆ ಹೈಕೋರ್ಟ್‌ಗೆ ಹೋದರು. ಆಗ ಮಿತಿ 20 ವಾರ. ಅರ್ಜಿ ತಿರಸ್ಕೃತವಾಯಿತು. ಆ ಸೋಲು ಎಬ್ಬಿಸಿದ ಚರ್ಚೆ ಕಾಯ್ದೆಗೆ ಇಳಿಯಲು 13 ವರ್ಷ ಬೇಕಾಯಿತು.

ಎಲ್ಲಿಗೆ ಹೋಗಬೇಕು?

10ರಿಂದ 19 ವರ್ಷದವರಿಗೆ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಪ್ರತ್ಯೇಕ ಕ್ಲಿನಿಕ್‌ಗಳಿವೆ. ಕರ್ನಾಟಕದಲ್ಲಿ 'ಸ್ನೇಹ ಕ್ಲಿನಿಕ್' ಎಂದು ಗೊತ್ತಿರುವುದೇ ಮಹಾರಾಷ್ಟ್ರದಲ್ಲಿ 'ಮೈತ್ರಿ'. ಮುಟ್ಟಿನ ತೊಂದರೆ, ಸ್ವಪ್ನಸ್ಖಲನದ ಭಯ, ಗರ್ಭನಿರೋಧಕ, ಮನಸ್ಸಿನ ಕಳವಳ, ಯಾವುದನ್ನಾದರೂ ಕೇಳಬಹುದು. ಹುಡುಗರಿಗೂ ಅದು ತೆರೆದಿದೆ.

ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಬಹಿರಂಗ ಮಾಡುವಂತಿಲ್ಲ. ಸೋಂಕಿನ ಅಪಾಯ ಎದುರಾಗಿದ್ದರೆ 72 ಗಂಟೆಯೊಳಗೆ ಶುರುಮಾಡುವ ತಡೆ ಔಷಧವೂ ಇದೆ. ಮಾಹಿತಿಗೆ 1097.

ಮರಾಠಿ, ಹಿಂದಿಯಲ್ಲಿ ಇಂಥ ವಿಷಯ ಹೇಳಲು ನಾಲಿಗೆ ಹೊರಳದವರೂ ಮುಂಬೈ ಕನ್ನಡಿಗರಲ್ಲಿ ಕಡಿಮೆಯಿಲ್ಲ. ಹೋಟೆಲ್ ಕೆಲಸಕ್ಕೆ ಉಡುಪಿಯಿಂದ, ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿಯಿಂದ ಬಂದ ಹುಡುಗರು, ಹುಡುಗಿಯರಿಗೆ ಭಾಷೆಯೇ ಮೊದಲ ಗೋಡೆ. ಮಾನಸಿಕ ನೆರವಿನ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತದೆ. ಮಹಿಳೆಯರಿಗೆ 181. 18ರ ಒಳಗಿನವರಿಗೆ 1098. ಇದು 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಹುಟ್ಟಿದ ಸಹಾಯವಾಣಿ.

ಹೆರಲು ನಿರ್ಧರಿಸಿದರೆ

ಎಲ್ಲರೂ ಗರ್ಭಪಾತವನ್ನೇ ಬಯಸುವುದಿಲ್ಲ, ಕೆಲವರಿಗೆ ಸಮಯ ಮೀರಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ, ಹೆರಿಗೆ ಮಾಡಿಸಿಕೊಳ್ಳಲು ಮದುವೆಯ ಪ್ರಮಾಣಪತ್ರ ಬೇಕಿಲ್ಲ. ಮೊದಲ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿದರೆ ರಕ್ತಹೀನತೆ, ಬಿಪಿಯಂಥ ತೊಂದರೆ ಬೇಗ ಗೊತ್ತಾಗುತ್ತವೆ. ಹದಿಹರೆಯದ ಬಸುರಿಯರಲ್ಲಿ ಇವೆರಡರ ಅಪಾಯವೂ ಹೆಚ್ಚು.

ಮಗುವಿನ ಜನನ ಪ್ರಮಾಣಪತ್ರಕ್ಕೆ ತಂದೆಯ ಹೆಸರು ಕಡ್ಡಾಯವಲ್ಲ. ಅವಿವಾಹಿತ ತಾಯಿ ಅಫಿಡವಿಟ್ ಕೊಟ್ಟರೆ ಪ್ರಮಾಣಪತ್ರ ನೀಡಬೇಕೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿದೆ.

ಸಾಕಲು ಆಗದಿದ್ದರೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕಾನೂನುಬದ್ಧವಾಗಿ ಒಪ್ಪಿಸಬಹುದು. ನರ್ಸಿಂಗ್ ಹೋಂನಲ್ಲಿ 'ಒಳ್ಳೆ ಮನೆಯವರಿದ್ದಾರೆ, ಕೊಟ್ಟುಬಿಡಿ' ಎನ್ನುವವರ ಕೈಗೆ ಕೊಡುವುದು ದತ್ತು ಅಲ್ಲ, ಅಪರಾಧ. ಸಮಿತಿಯ ಮುಂದೆ ಸಹಿ ಹಾಕಿದ ಮೇಲೂ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿರುತ್ತದೆ. ಆ ಅವಧಿ ಮುಗಿಯುವವರೆಗೆ ಮಗುವನ್ನು ಬೇರೆಯವರಿಗೆ ದತ್ತು ಕೊಡುವಂತಿಲ್ಲ.