ರೈತ ಉತ್ಪಾದಕ ಕಂಪನಿಯ ಕಚೇರಿ ಗಣಕಯಂತ್ರ: ಮುಂಗಾರು ಪೂರ್ವ ನಿರ್ವಹಣೆ ಮತ್ತು ದತ್ತಾಂಶ ಸುರಕ್ಷತೆ

ರೈತ ಉತ್ಪಾದಕ ಕಂಪನಿಯ ಕಚೇರಿಯಲ್ಲಿ ಸಾಮಾನ್ಯವಾಗಿ ಒಂದೆರಡು ಗಣಕಯಂತ್ರಗಳಷ್ಟೇ ಇರುತ್ತವೆ. ಸದಸ್ಯರ ಷೇರು ಹಣ, ಉದ್ದರಿಯಾಗಿ ನೀಡಿದ ಬೀಜ ಗೊಬ್ಬರದ ಬಾಕಿ, ಖರೀದಿಸಿದ ಉತ್ಪನ್ನಕ್ಕೆ ಪಾವತಿಸಬೇಕಾದ ಮೊತ್ತ ಎಲ್ಲವೂ ಅವುಗಳಲ್ಲಿಯೇ ದಾಖಲಾಗಿರುತ್ತವೆ. ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಲೆಕ್ಕ ಅಳಿದರೆ ಯಾವ ರೈತನಿಗೆ ಎಷ್ಟು ಸಲ್ಲಬೇಕೆಂಬುದಕ್ಕೆ ಆಧಾರವೇ ಉಳಿಯದು. ಮಾರ್ಚ್ 31ರ ಲೆಕ್ಕ ಮುಕ್ತಾಯದ ನಂತರ, ಬಿತ್ತನೆ ಬೀಜ ಮಾರಾಟದ ದಟ್ಟಣೆ ಆರಂಭವಾಗುವ ಮೊದಲು ದೊರೆಯುವ ಬಿಡುವು ಈ ಕೆಲಸಕ್ಕೆ ಸೂಕ್ತ. ಏಪ್ರಿಲ್‌ನಲ್ಲಿಯೇ ಗುಡುಗು ಸಿಡಿಲಿನ ಮಳೆ ಬರುವುದರಿಂದ ವಿದ್ಯುತ್ ಸಂಬಂಧಿತ ಕೆಲಸಗಳನ್ನು ಮೊದಲು ಮುಗಿಸಬೇಕು.

ವಿದ್ಯುತ್ ಮತ್ತು ಸಿಡಿಲು

ಸಿಡಿಲಿನಿಂದ ಉಂಟಾಗುವ ಅತಿವೋಲ್ಟೇಜು ವಿದ್ಯುತ್ ತಂತಿಯಿಂದ ಮಾತ್ರವಲ್ಲದೆ ದೂರವಾಣಿ ಹಾಗೂ ಇಂಟರ್ನೆಟ್‌ನ ತಾಮ್ರದ ತಂತಿಗಳ ಮೂಲಕವೂ ಯಂತ್ರವನ್ನು ತಲುಪುತ್ತದೆ. ಸ್ವಿಚ್ ಆರಿಸಿದರೆ ಸಾಲದು. ಸಂಜೆ ಕಚೇರಿ ಮುಚ್ಚುವಾಗ ಪ್ಲಗ್ ಮತ್ತು ನೆಟ್‌ವರ್ಕ್ ತಂತಿ ಎರಡನ್ನೂ ಕಳಚಿಡಬೇಕು. ಗುಡುಗು ಆರಂಭವಾದ ಮೇಲೆ ತಂತಿ ಕಳಚಲು ಕೈಹಾಕಬಾರದು. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗ್ ಗುಂಡಿಗೆ ನೀರುಣಿಸಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸತಕ್ಕದ್ದು. ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಸರ್ಜ್ ಪ್ರೊಟೆಕ್ಟರನ್ನು ನಂಬುವಂತಿಲ್ಲ.

ಯುಪಿಎಸ್ ಬ್ಯಾಟರಿಯ ಆಯುಷ್ಯ ಬಿಸಿಲಿನ ತಾಪಕ್ಕೆ ಕುಗ್ಗುತ್ತದೆ. ಕೆಲಸವನ್ನೆಲ್ಲ ಉಳಿಸಿ, ಮುಖ್ಯ ವಿದ್ಯುತ್ ಕಡಿತಗೊಳಿಸಿ ನೋಡಿರಿ: ಯಂತ್ರವನ್ನು ಕ್ರಮವಾಗಿ ಮುಚ್ಚಲು ಬೇಕಾದಷ್ಟು ಸಮಯ ದೊರೆಯದಿದ್ದರೆ ಬ್ಯಾಟರಿ ಬದಲಿಸುವುದು ಅವಶ್ಯ.

ಗೊಬ್ಬರ, ತೇವ ಮತ್ತು ಇಲಿ

ಯೂರಿಯಾ ಮತ್ತಿತರ ರಸಗೊಬ್ಬರಗಳ ಧೂಳು ಗಾಳಿಯ ತೇವವನ್ನು ಹೀರಿಕೊಂಡು ಲೋಹದ ಸಂಪರ್ಕ ಭಾಗಗಳನ್ನು ಸವೆಸುತ್ತದೆ. ಗೊಬ್ಬರದ ಚೀಲಗಳ ಪಕ್ಕದಲ್ಲಿಯೇ ಬಿಲ್ಲಿಂಗ್ ಮೇಜು ಇರುವುದು ನಮ್ಮ ಅನೇಕ ಮಳಿಗೆಗಳ ವಾಡಿಕೆ. ನಡುವೆ ಗೋಡೆ ಇರಲಿ. ಬೀಜದ ದಾಸ್ತಾನು ಇರುವಲ್ಲಿ ಇಲಿ ತಪ್ಪದು. ತಂತಿಗಳನ್ನು ನೆಲದಲ್ಲಿ ಬಿಡದೆ ಪಿವಿಸಿ ಕೊಳವೆಯೊಳಗೆ ಸಾಗಿಸಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ರಜಾ ದಿನಗಳಲ್ಲಿಯೂ, ಸಿಡಿಲಿಲ್ಲದ ವೇಳೆ ನೋಡಿ, ಯಂತ್ರವನ್ನು ಸ್ವಲ್ಪ ಹೊತ್ತು ಚಾಲನೆಯಲ್ಲಿಟ್ಟರೆ ಒಳಗಿನ ತೇವ ಆರುತ್ತದೆ.

ಲೆಕ್ಕದ ಬ್ಯಾಕಪ್ ಪ್ರತಿ

ಇದು ಉಳಿದೆಲ್ಲಕ್ಕಿಂತ ಮುಖ್ಯವಾದ ಕೆಲಸ. ಅದೇ ಗಣಕಯಂತ್ರದ ‘ಡಿ’ ಡ್ರೈವ್‌ನಲ್ಲಿಟ್ಟ ನಕಲು ಬ್ಯಾಕಪ್ ಎನಿಸದು. ಸದಾ ಸಿಕ್ಕಿಸಿಟ್ಟ ಪೆನ್‌ಡ್ರೈವ್ ಸಹ ಅಷ್ಟೇ: ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್, ಜೋಡಿಸಿದ ಎಲ್ಲ ಡ್ರೈವ್‌ಗಳನ್ನೂ ಆಕ್ರಮಿಸಬಲ್ಲದು. ಎರಡು ಬಾಹ್ಯ ಡಿಸ್ಕ್‌ಗಳನ್ನು ಸರದಿಯಂತೆ ಬಳಸಿ, ಒಂದನ್ನು ಬೇರೆ ಕಟ್ಟಡದಲ್ಲಿ, ನಿರ್ದೇಶಕರೊಬ್ಬರ ವಶದಲ್ಲಿ ಇರಿಸಬೇಕು. ಸದಸ್ಯರ ಆಧಾರ್ ಮತ್ತು ಬ್ಯಾಂಕ್ ವಿವರಗಳಿರುವುದರಿಂದ ಡಿಸ್ಕ್‌ಗೆ ಪಾಸ್‌ವರ್ಡ್ ರಕ್ಷಣೆ ಇರಲಿ.

ಉತ್ಪಾದಕ ಕಂಪನಿಗಳಿಗೂ ಕಂಪನಿ ಕಾಯ್ದೆ ಅನ್ವಯಿಸುತ್ತದೆ. ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಲೆಕ್ಕಪುಸ್ತಕಗಳನ್ನು 8 ವರ್ಷ ಕಾಪಾಡಬೇಕು. ಡಿಸ್ಕ್ ಪ್ರತಿಗಳು ಈ ನಿಯಮಕ್ಕೆ ಪರ್ಯಾಯವಲ್ಲ, ಪೂರಕ. ಸರ್ವರ್ ವ್ಯವಸ್ಥೆಯ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿ ತಿಳಿಯಿರಿ.

ತೆರೆದು ನೋಡದ ಬ್ಯಾಕಪ್, ಮೊಳಕೆ ಪರೀಕ್ಷೆ ಮಾಡದ ಬಿತ್ತನೆ ಬೀಜದಂತೆ. ವರ್ಷಕ್ಕೊಮ್ಮೆಯಾದರೂ ಬ್ಯಾಕಪ್ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ಮರುಸ್ಥಾಪಿಸಿ, ಮಾರ್ಚ್ 31ರ ಮುದ್ರಿತ ತಾಳೆಪಟ್ಟಿಯೊಂದಿಗೆ ಮೊತ್ತಗಳನ್ನು ಹೋಲಿಸಿರಿ. ನಾಲ್ಕೈದು ಸದಸ್ಯರ ಖಾತೆಗಳನ್ನೂ ಅವರ ರಸೀದಿಯೊಂದಿಗೆ ತಾಳೆ ನೋಡುವುದು ಲೇಸು. ಮೂಲ ದತ್ತಾಂಶವಿರುವ ಯಂತ್ರದಲ್ಲಿಯೇ ಈ ಪ್ರಯೋಗ ಮಾಡಿದರೆ ಚಾಲ್ತಿ ಲೆಕ್ಕದ ಮೇಲೆ ಹಳೆಯದು ಕೂತುಬಿಡುವ ಅಪಾಯವಿದೆ.

ಖಾತೆಗಳು ಮತ್ತು ವಂಚನೆ

ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಹೊಂದದ ಹಳೆಯ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಕಳೆದ ಹಂಗಾಮಿನಲ್ಲಿ ಕೆಲಸ ಬಿಟ್ಟ ಸಿಬ್ಬಂದಿಯ ಲಾಗಿನ್‌ಗಳನ್ನು ರದ್ದುಪಡಿಸಬೇಕು. ದುರಸ್ತಿಗೆಂದು ಅಳವಡಿಸಿದ ದೂರನಿಯಂತ್ರಣ ತಂತ್ರಾಂಶವನ್ನು ಕೆಲಸ ಮುಗಿದೊಡನೆ ತೆಗೆಯುವುದು ಒಳಿತು. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಎಪಿಕೆ’ ಕಡತಗಳನ್ನು, ಪರಿಚಿತರೇ ಕಳುಹಿಸಿದ್ದರೂ, ತೆರೆಯಬಾರದು. ಬ್ಯಾಂಕಿನ ಒಟಿಪಿ ಬರುವ ಮೊಬೈಲ್‌ನಲ್ಲಂತೂ ಕೂಡದು.

ಹಣ ವಂಚನೆಯಾದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿರಿ. ಕಡತಗಳು ತೆರೆಯದೆ ಹಣದ ಬೇಡಿಕೆ ಕಾಣಿಸಿದರೆ ನೆಟ್‌ವರ್ಕ್ ತಂತಿ ಕಿತ್ತು, ವೈಫೈ ಆರಿಸಿ, ಪರದೆಯ ಛಾಯಾಚಿತ್ರ ತೆಗೆದಿಡಿ. ಇಂತಹ ದಾಳಿಯನ್ನು ಗಮನಿಸಿದ 6 ಗಂಟೆಯೊಳಗೆ ಕಂಪನಿಯು ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು. ತಜ್ಞರು ನೋಡುವವರೆಗೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಬೇಡಿ. ಬ್ಯಾಕಪ್ ಡಿಸ್ಕನ್ನು ಅದಕ್ಕೆ ಜೋಡಿಸಲೂ ಬೇಡಿ.